ಮಾವ ಎಳೆದ ಸುಣ್ಣದ ಗೆರೆ

ಹೋದ ತಿಂಗಳು ಹುಣಸೂರಿನ ಬೈಪಾಸ್ ಪಕ್ಕ ಬಸ್ಸು ಕೆಟ್ಟು ನಿಂತಿತು. ಎಲ್ಲರ ಜೊತೆ ನಾನೂ ಕೆಳಗಿಳಿದೆ. ರಸ್ತೆಯಾಚೆ ಯಾರದೋ ಹೊಲವನ್ನು ಮಟ್ಟ ಮಾಡಿ ಸೈಟು ವಿಂಗಡಿಸುತ್ತಿದ್ದರು. ಇಬ್ಬರು ಹಗ್ಗ ಎಳೆದು ಹಿಡಿದಿದ್ದರು, ಇನ್ನೊಬ್ಬ ಬಾಂಡ್ಲಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಇಬ್ಬನಿಗೆ ನೆನೆದ ಹುಲ್ಲಿನ ಮೇಲೆ ಸುಣ್ಣ ಬಿದ್ದರೆ ಒಂದು ವಾಸನೆ ಏಳುತ್ತದೆ, ಹಸಿ ಹಸಿ, ಮೂಗಿಗೆ ಸ್ವಲ್ಪ ಘಾಟು... ಅದು ಬಡಿದದ್ದೇ ತಡ, ನನ್ನ ಸೋದರಮಾವ ನೆನಪಾದರು. ನೆನಪಾಗಲಿ ಎಂದು ನಾನೇನೂ ಬೇಡಿಕೊಂಡಿರಲಿಲ್ಲ. ಕೆಲವರು ಸತ್ತ ಮೇಲೆ ಕರೆಯದಿದ್ದರೂ ಬರುತ್ತಾರೆ. ಬದುಕಿದ್ದಾಗ ಕರೆದರೆ ಮಾತ್ರ ಬಂದಿರುವುದಿಲ್ಲ.

ಅವರು ಇವರು ಎಂದು ಬಹುವಚನ ಹಾಕಿ ಬರೆಯುತ್ತಿದ್ದೇನೆ. ಅದು ಅವ್ವ ಕಲಿಸಿದ ಮರ್ಯಾದೆ, ಮಾವ ಸಂಪಾದಿಸಿಕೊಂಡದ್ದಲ್ಲ. ಅವ್ವನಿಗೆ ಇದ್ದವರು ಅವರೊಬ್ಬರೇ ತಮ್ಮ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ ಊರು. ಸ್ವಲ್ಪ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸಲು ಒಂದು ಬ್ಯಾರನ್, ಒಂದು ಜೊತೆ ಎತ್ತು. ಅವ್ವನನ್ನು ಕೊಟ್ಟದ್ದು ಕೆ.ಆರ್. ನಗರದ ಕಡೆಗೆ, ಭೇರ್ಯಕ್ಕೆ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಅಲ್ಲಿಂದಾಚೆ ನಮ್ಮ ಮನೆಯ ಯಾವ ಮಾತಿಗೂ ಗಂಡು ದಿಕ್ಕು ಎಂದರೆ ಮಾವನೇ. 'ನನ್ ತಮ್ಮ ಅವ್ನೆ ಬುಡು' ಎನ್ನುವುದು ಅವ್ವನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಅದನ್ನು ನಂಬಿಕೊಂಡು ಅವಳು ಬದುಕು ನೂಕಿದಳು.

ಹುಣಸೂರಿನಲ್ಲಿ ಆಗ ಒಂದು ಖಾಸಗಿ ಕಾಲೇಜಿತ್ತು. ಈಗ ಇಲ್ಲ, ಅದರ ಕಟ್ಟಡದಲ್ಲಿ ಗೊಬ್ಬರದ ಗೋಡೌನು ಇದೆ. ಮಾವ ಅಲ್ಲಿ ಬಿ.ಎ.ಗೆ ಸೇರಿ, ಮೊದಲ ವರ್ಷದ ಪರೀಕ್ಷೆಯಲ್ಲೇ ಮಗುಚಿಕೊಂಡು ಮನೆಗೆ ಬಂದವರು. ಕಾಲೇಜು ಅವರನ್ನು ಅಂದೇ ಮರೆತಿತು. ಅವರು ಮಾತ್ರ ಸಾಯುವ ತನಕ 'ನಮ್ ಕಾಲೇಜು, ನಮ್ ಟೀಮು' ಎಂದೇ ಎದೆ ಉಬ್ಬಿಸಿದರು. ಆ ಟೀಮಿನಲ್ಲಿ ಅವರು ಒಂದು ದಿನವೂ ಆಡಿದವರಲ್ಲ. ಚೆಂಡು ಕಾಲ ಹತ್ತಿರ ಬಂದರೆ ಪಂಚೆ ಎತ್ತಿಕೊಂಡು ಪಕ್ಕಕ್ಕೆ ಹಾರುತ್ತಿದ್ದರಂತೆ.

ಆ ಟೀಮಿನ ಚರಿತ್ರೆಯನ್ನು ಮಾವ ಹೇಳುವುದನ್ನು ಕೇಳಬೇಕಿತ್ತು. ಹುಣಸೂರಿನ ಕಾಲೇಜಿಗೂ ಪಿರಿಯಾಪಟ್ಟಣದ ಕಾಲೇಜಿಗೂ ವರ್ಷಕ್ಕೊಮ್ಮೆ ಫುಟ್ಬಾಲ್ ಪಂದ್ಯ ನಡೆಯುತ್ತಿತ್ತು. ಎರಡೂ ಒಂದೇ ವಿಶ್ವವಿದ್ಯಾಲಯದ ಕೆಳಗಿದ್ದ, ಒಂದೇ ಪ್ರಶ್ನೆಪತ್ರಿಕೆಗೆ ಒಂದೇ ರೀತಿ ಫೇಲಾಗುತ್ತಿದ್ದ ಕಾಲೇಜುಗಳು. ಮಾವನ ಬಾಯಲ್ಲಿ ಅದು ಕುರುಕ್ಷೇತ್ರವಾಗಿತ್ತು. ಮಾನ, ವಂಶ, ರಕ್ತ ಎಲ್ಲ ಬರುತ್ತಿದ್ದವು. ಆಮೇಲೆ ನಾನು ಪಿರಿಯಾಪಟ್ಟಣಕ್ಕೇ ಸೊಸೆಯಾಗಿ ಹೋದೆನಲ್ಲ, ಅಲ್ಲಿನವರ ಬಾಯಲ್ಲಿ ಇದೇ ಕಥೆಯನ್ನು ತಿರುಗುಮುರುಗಾಗಿ ಕೇಳಿದೆ. ಎರಡನ್ನೂ ಜರಡಿ ಹಿಡಿದ ಮೇಲೆ ನನಗೆ ಸಿಕ್ಕ ಸತ್ಯ ಇಷ್ಟು.

ಎರಡೂ ಕಾಲೇಜಿನಲ್ಲಿ ಒಬ್ಬೊಬ್ಬ ಲೆಕ್ಚರರು ಇದ್ದರು, ಇಬ್ಬರೂ ಮೈಸೂರಿನಲ್ಲಿ ಒಂದೇ ರೂಮಿನಲ್ಲಿ ಓದಿದವರು. ದಸರಾ ರಜೆ ಮುಗಿದ ಮೇಲೆ ಒಂದು ದಿನ ಹುಡುಗರನ್ನು ಸೇರಿಸಿ ಆಟ ಆಡಿಸಿ, ಉಪ್ಪಿಟ್ಟು ತಿನ್ನಿಸಿ, ತಾವಿಬ್ಬರೂ ಹಳೆಯ ಮಾತಾಡಿಕೊಂಡು ಕೂರೋಣ ಎಂದು ಈ ಪಂದ್ಯ ಶುರು ಮಾಡಿದರು. ಎರಡನೇ ವರ್ಷ ಹುಣಸೂರಿನಲ್ಲಿ ಉಪ್ಪಿಟ್ಟು ಸಾಲಲಿಲ್ಲ. ಪಿರಿಯಾಪಟ್ಟಣದವರು ಹಸಿದುಕೊಂಡು ವಾಪಸ್ಸಾದರು. ಮರುವರ್ಷ ಅವರು ತಮ್ಮೂರಿನಲ್ಲಿ ಬೇಕೆಂದೇ ಹುಣಸೂರಿನವರಿಗೆ ಉಪ್ಪಿಲ್ಲದ ಉಪ್ಪಿಟ್ಟು ಬಡಿಸಿದರು. ಅಷ್ಟೇ. ನಲವತ್ತು ವರ್ಷದ ಹಗೆಗೆ ಬೀಜ ಬಿದ್ದದ್ದು ಅಲ್ಲಿ. ಆ ಲೆಕ್ಚರರಿಬ್ಬರೂ ವರ್ಗಾವಣೆಯಾಗಿ ಹೋದರು, ಉಪ್ಪಿಟ್ಟಿನ ಸಿಟ್ಟು ಊರಲ್ಲೇ ಉಳಿಯಿತು.

ಆಮೇಲೆ ಒಂದು ಪದ್ಧತಿ ಬಂತು. ಸೋತ ಕಾಲೇಜಿನವರು ಗೆದ್ದವರಿಗೆ ಬಾಡೂಟ ಹಾಕಬೇಕು, ಅದೂ ಗೆದ್ದವರ ಊರಿಗೇ ಹೋಗಿ, ಒಲೆ ಹೂಡಿ, ತಾವೇ ಬಡಿಸಿ. ಸೋತ ಟೀಮಿನ ಕ್ಯಾಪ್ಟನ್ನು ಗೆದ್ದವರ ಎಲೆಯ ಮುಂದೆ ಬಗ್ಗಿ ಮುದ್ದೆ ಇಡುವಾಗ ಊರಿನವರೆಲ್ಲ ಸುತ್ತ ನಿಂತು ನಗುತ್ತಿದ್ದರು. ಮುದ್ದೆ ಗಟ್ಟಿಯಾಯಿತು, ಸಾರು ನೀರಾಯಿತು ಎಂದು ತಪ್ಪು ತೆಗೆದು ಮತ್ತೆ ಬಡಿಸಿಕೊಳ್ಳುತ್ತಿದ್ದರು. ಆಟ ನೋಡಲು ಬರುವವರಿಗಿಂತ ಈ ಊಟ ನೋಡಲು ಬರುವವರೇ ಜಾಸ್ತಿ. ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಒಂದು ತಗಡಿನ ಕಪ್ಪಿಗೆ ಬೆಳ್ಳಿ ಬಣ್ಣ ಬಳಿಸಿ ಕೊಟ್ಟ. ಅದನ್ನು ಬೆಳ್ಳಿಯದು ಎಂದು ಎರಡೂ ಊರಿನವರು ನಂಬಿದ್ದರು.

ಇದರಲ್ಲಿ ನನಗೆ ಅತ್ಯಂತ ಹೇಸಿಗೆ ಎನಿಸುವುದು ಬೇರೆ. ಇಷ್ಟೆಲ್ಲ ಮಾನ ಮರ್ಯಾದೆ ಎಂದು ಕೂಗಾಡುತ್ತಿದ್ದರಲ್ಲ, ಆಡುತ್ತಿದ್ದವರು ಯಾರು? ಪಿರಿಯಾಪಟ್ಟಣದ ಕಡೆ ಮುಕ್ಕಾಲು ಪಾಲು ಬೈಲಕುಪ್ಪೆಯ ಟಿಬೆಟನ್ ಹುಡುಗರು. ಹುಣಸೂರಿನ ಕಡೆ ಹೆಗ್ಗಡದೇವನಕೋಟೆಯಾಚೆ ಬಾವಲಿ ಗಡಿ ದಾಟಿ ಬಂದು ಹಾಸ್ಟೆಲಿನಲ್ಲಿದ್ದ ಮಲಯಾಳಿ ಹುಡುಗರು. ಎರಡೂ ಊರಿನ ಸ್ವಂತ ಮಕ್ಕಳು ಲೆಕ್ಕಕ್ಕೆ ಇಬ್ಬರೋ ಮೂವರೋ. ಆಟ ಮುಗಿದ ಮೇಲೆ ಆ ಟಿಬೆಟನ್ನರೂ ಮಲಯಾಳಿಗಳೂ ಮರದ ಕೆಳಗೆ ಕೂತು ಒಂದೇ ಬಾಟಲಿಯ ನೀರು ಕುಡಿಯುತ್ತ, ಒಬ್ಬರ ಬೂಟು ಇನ್ನೊಬ್ಬರು ಹಾಕಿ ನೋಡುತ್ತ ಇರುತ್ತಿದ್ದರು. ನಮ್ಮವರು ಮಾತ್ರ ರಸ್ತೆಯಲ್ಲಿ ಒಬ್ಬರ ಕಾಲರು ಒಬ್ಬರು ಹಿಡಿದು 'ನಮ್ ಊರ ನೀರೇ ಬ್ಯಾರೆ ಕಣ್ಲಾ' ಎನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಮಾವನಿಗೆ ಈ ಮಹಾಕಾರ್ಯದಲ್ಲಿ ಒಂದು ಕೆಲಸವಿತ್ತು. ಪಂದ್ಯ ಹುಣಸೂರಿನಲ್ಲಿ ನಡೆಯುವ ವರ್ಷ, ಬೆಳಿಗ್ಗೆ ಬೇಗ ಹೋಗಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು. ಓದುವಾಗ ಒಮ್ಮೆ ಯಾರೋ ಹೇಳಿದ್ದಕ್ಕೆ ಮಾಡಿದ್ದರು, ಕಾಲೇಜು ಬಿಟ್ಟ ಮೇಲೂ ಅದನ್ನು ಬಿಡಲಿಲ್ಲ. ಬೇರೆ ಯಾರಾದರೂ ಬಾಂಡ್ಲಿ ಮುಟ್ಟಿದರೆ ಜಗಳಕ್ಕೆ ಹೋಗುತ್ತಿದ್ದರು. ಅವರ ಗೆರೆಗಳೇನೂ ನೆಟ್ಟಗಿರುತ್ತಿರಲಿಲ್ಲ, ಎತ್ತು ಮೂತ್ರ ಹುಯ್ದ ಹಾಗಿರುತ್ತಿದ್ದವು. ಆದರೂ ಆ ದಿನ ಮೊಳಕೈ ತನಕ ಸುಣ್ಣ ಮಾಡಿಕೊಂಡು, ಅದನ್ನು ತೊಳೆದುಕೊಳ್ಳದೆ, ಊರೆಲ್ಲ ತಿರುಗುತ್ತಿದ್ದರು. ಜನ ನೋಡಬೇಕು, ಕೇಳಬೇಕು, ಅವರು ಹೇಳಬೇಕು. ಚಿಕ್ಕವಳಿದ್ದಾಗ ಒಮ್ಮೆ ನಾನೂ ಆ ಕೈ ಹಿಡಿದುಕೊಂಡು ನಡೆದಿದ್ದೇನೆ... ಕೈ ಒರಟು ಒರಟಾಗಿತ್ತು, ಅಷ್ಟು ನೆನಪಿದೆ.

ನನ್ನ ಮದುವೆಗೆ ಕೆಲವು ವರ್ಷ ಮುಂಚೆ ಹುಣಸೂರು ಸತತವಾಗಿ ಸೋಲುತ್ತಿತ್ತು. ಬಾಡೂಟ ಹಾಕಿ ಹಾಕಿ ಕಾಲೇಜಿನವರಿಗೆ ಸಾಕಾಗಿತ್ತು. ಆ ವರ್ಷ ಪಂದ್ಯ ಹುಣಸೂರಿನಲ್ಲಿ. ಈ ಸಲ ಏನಾದರೂ ಮಾಡಬೇಕು ಎಂದು ಮಾವ ತಲೆ ಓಡಿಸಿದರು. ಅವರು ತಲೆ ಓಡಿಸಿದ್ದು ಜನ್ಮದಲ್ಲಿ ಅದೊಂದೇ ಸಲ ಇರಬೇಕು. ಫುಟ್ಬಾಲಿನಲ್ಲಿ ಗೋಲಿನ ಮುಂದೆ ಒಂದು ದೊಡ್ಡ ಚೌಕ ಇರುತ್ತದೆ. ಗೋಲು ಕಾಯುವ ತಂಡದವರು ಆ ಚೌಕದೊಳಗೆ ಎದುರಾಳಿಯನ್ನು ಕೆಡವಿದರೆ ಪೆನಾಲ್ಟಿ, ಎಂದರೆ ಗೋಲಿಗೆ ನೇರ ಹೊಡೆತ. ಹೊರಗೆ ಕೆಡವಿದರೆ ಅಷ್ಟು ದೊಡ್ಡ ಶಿಕ್ಷೆಯಿಲ್ಲ. ಪಿರಿಯಾಪಟ್ಟಣದವರು ಕಾಯುವ ಗೋಲಿನ ಮುಂದಿನ ಚೌಕವನ್ನೇ ಕೆಲವು ಹೆಜ್ಜೆ ದೊಡ್ಡದು ಮಾಡಿಬಿಟ್ಟರೆ ನಮ್ಮವರಿಗೆ ಪೆನಾಲ್ಟಿ ಸುಲಭವಾಗಿ ಸಿಗುತ್ತದೆ ಎಂದು ಮಾವನ ಲೆಕ್ಕ. ಯಾರಿಗೂ ಹೇಳದೆ ಹಾಗೇ ಎಳೆದರು.

ಪಿರಿಯಾಪಟ್ಟಣದ ಜನ ಪ್ರತಿ ಸಲ ಲಾರಿಯಲ್ಲಿ ಬಂದು, ಲಾರಿಯನ್ನು ಮೂಡಣ ದಿಕ್ಕಿನ ಗೋಲಿನ ಹಿಂದೆ ನಿಲ್ಲಿಸಿ, ಅದರ ಮೇಲೆ ನಿಂತು ಕೂಗುತ್ತಿದ್ದರು. ಅವರ ಟೀಮು ಆಟ ಶುರು ಮಾಡುತ್ತಿದ್ದದ್ದೂ ಅದೇ ಗೋಲಿನಿಂದ. ಹಾಗಾಗಿ ಮಾವನ ತಲೆಯಲ್ಲಿ ಅದು ಪಿರಿಯಾಪಟ್ಟಣದ ಗೋಲು. ಸರಿ. ಆದರೆ ಅರ್ಧ ಆಟ ಮುಗಿದ ಮೇಲೆ ತಂಡಗಳು ಕಡೆ ಬದಲಾಯಿಸುತ್ತವೆ. ಅಷ್ಟು ವರ್ಷದಿಂದ ಮೈದಾನದ ಅಂಚಿನಲ್ಲಿ ಗಂಟಲು ಹರಿದುಕೊಂಡ ಮನುಷ್ಯನಿಗೆ ಇದು ಹೊಳೆಯಲೇ ಇಲ್ಲ! ಆಟ ಎಂದರೆ ಅವರಿಗೆ ಲಾರಿ, ಕೂಗು, ಬಾಡೂಟ. ಚೆಂಡು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂದು ಅವರು ನೋಡಿದ್ದೇ ಇರಲಿಲ್ಲವೇನೋ.

ಮೊದಲ ಅರ್ಧದಲ್ಲಿ ಏನೂ ಆಗಲಿಲ್ಲ. ಎರಡನೇ ಅರ್ಧದಲ್ಲಿ, ಕತ್ತಲು ಕವಿಯುವುದಕ್ಕೆ ಸ್ವಲ್ಪ ಮುಂಚೆ, ಪಿರಿಯಾಪಟ್ಟಣದ ಒಂಬತ್ತನೇ ನಂಬರಿನವನು ಚೆಂಡು ತೆಗೆದುಕೊಂಡು ನುಗ್ಗಿ, ಆ ದೊಡ್ಡ ಚೌಕದ ತುದಿಯಲ್ಲಿ ಹುಣಸೂರಿನವನ ಕಾಲು ತಗುಲಿ ಬಿದ್ದ. ಬೇರೆ ಮೈದಾನದಲ್ಲಾಗಿದ್ದರೆ ಅದು ಚೌಕದ ಹೊರಗೆ. ಮಾವನ ಕೃಪೆಯಿಂದ ಒಳಗೆ. ರೆಫ್ರಿ ಪೀಪಿ ಊದಿದ, ಒಂಬತ್ತನೇ ನಂಬರಿನವನೇ ಹೊಡೆದ, ಗೋಲಾಯಿತು, ಹುಣಸೂರು ಮತ್ತೆ ಸೋತಿತು. ಅವತ್ತು ಮಾವ ಅಲ್ಲೇ ಕುಸಿದು ಕೂತರಂತೆ. ದುಃಖ ಎಂದು ಎಲ್ಲರೂ ತಿಳಿದರು. ಸ್ವಲ್ಪ ಹೊತ್ತಿಗೆ ಎದ್ದು, ರೆಫ್ರಿಯನ್ನು ಪಿರಿಯಾಪಟ್ಟಣದವರು ಕೊಂಡುಕೊಂಡಿದ್ದಾರೆ, ಆ ಒಂಬತ್ತನೇ ನಂಬರು ಕಳ್ಳ, ಮೋಸ ಮೋಸ ಎಂದು ಎಲ್ಲರಿಗಿಂತ ಜೋರಾಗಿ ಕೂಗಲು ಶುರು ಮಾಡಿದರು. ಆಮೇಲೆ ಆ ಕೂಗು ನಿಲ್ಲಲಿಲ್ಲ. ನಮ್ಮ ಮನೆಗೆ ಬಂದರೂ ಅದೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಡೊಂಕು ಮಾಡಿದವರೂ ಇವರೇ ಎನ್ನುವುದು ನಮಗೆ ಆಗ ಗೊತ್ತಿರಲಿಲ್ಲ.

ನನಗೆ ಗಂಡು ಗೊತ್ತಾದದ್ದು ಪಿರಿಯಾಪಟ್ಟಣದಲ್ಲಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಸ್ವಲ್ಪ ಹೊಲ, ಒಳ್ಳೆಯ ಜನ. ಗಂಡು ನೋಡುವ ಶಾಸ್ತ್ರಕ್ಕೂ ವೀಳ್ಯಕ್ಕೂ ಮಾವ ಬರಲಾಗಲಿಲ್ಲ. ಬ್ಯಾರನ್ನಿಗೆ ಸೊಪ್ಪು ಏರಿಸಿ ಬೆಂಕಿ ಹಚ್ಚಿದ ಮೇಲೆ ಬಿಟ್ಟು ಅಲ್ಲಾಡುವ ಹಾಗಿಲ್ಲ, ಉರಿ ಹೆಚ್ಚುಕಡಿಮೆಯಾದರೆ ವರ್ಷದ ದುಡಿಮೆ ಹಾಳು. ಪಿರಿಯಾಪಟ್ಟಣ ಎಂದಾಗ ಮುಖ ಸಿಂಡರಿಸಿದರಂತೆ, ಆದರೆ ಅಕ್ಕನ ಮುಖ ನೋಡಿ ಒಪ್ಪಿಕೊಂಡರು. ಮದುವೆಯ ಹೊಣೆಯನ್ನೂ ಹೊತ್ತರು. ಇದು ಸುಳ್ಳಲ್ಲ, ಚಪ್ಪರದ ಕಂಬದಿಂದ ಹಿಡಿದು ತೆಂಗಿನಕಾಯಿಯ ತನಕ ಎಲ್ಲಕ್ಕೂ ಓಡಾಡಿದವರು ಅವರೇ. ಅಪ್ಪನಿಲ್ಲದ ಮಗಳು ಎಂದು ಯಾರೂ ಅನ್ನಬಾರದು ಎಂದು ಹಟ ಹಿಡಿದು ಮಾಡಿದರು.

ನಮ್ಮಲ್ಲಿ ಹೆಣ್ಣನ್ನು ಹಸೆಗೆ ಕರೆತರುವವನು ಸೋದರಮಾವ. ಅವನು ಕೈ ಹಿಡಿದು ತಂದು ಕೂರಿಸಬೇಕು. ಅಪ್ಪನೂ ಇಲ್ಲದ ನನಗೆ ಆ ಕೈ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವ್ವ ಎರಡು ತಿಂಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದಳು. 'ನನ್ ತಮ್ಮ ನಿನ್ನ ಕೈ ಇಡ್ಕಂಡು ಬರೋದ ಕಣ್ತುಂಬ ನೋಡ್ಬುಟ್ರೆ ಸಾಕು ಕಣವ್ವ, ನಂಗೆ ಇನ್ನೇನೂ ಬ್ಯಾಡ' ಎನ್ನುತ್ತಿದ್ದಳು.

ಮದುವೆಯ ದಿನ ಬೆಳಿಗ್ಗೆ ಗಂಡಿನ ಕಡೆಯವರು ಬಂದರು. ಭೇರ್ಯದ ನಮ್ಮ ಬೀದಿಯ ತುದಿಯಲ್ಲಿ ತಮಟೆ ಕೇಳಿಸಿತು. ಮಾವ ಹೊಸ ಪಂಚೆ ಉಟ್ಟು, ಕಳಸ ಹಿಡಿದ ಹೆಂಗಸರ ಮುಂದೆ ನಿಂತು ಎದುರುಗೊಳ್ಳಲು ಹೋದರು. ನಾನು ಒಳಗಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಗಂಡಿನ ಗೆಳೆಯರು ಕುಣಿಯುತ್ತ ಬರುತ್ತಿದ್ದರು. ಅವರ ತಲೆಯ ಮೇಲೆ ಆ ತಗಡಿನ ಕಪ್ಪು! 'ಕಪ್ಪೂ ನಮ್ದೇ, ಹೆಣ್ಣೂ ನಮ್ದೇ' ಎಂದು ತಮಟೆಯ ಗತ್ತಿಗೆ ಕೂಗುತ್ತಿದ್ದರು. ಹಿಂದಿನ ಕಾರಿನಿಂದ ಪೇಟ ಕಟ್ಟಿಕೊಂಡು ಇಳಿದವನು ಆ ಒಂಬತ್ತನೇ ನಂಬರಿನವನೇ. ಮಾವನಿಗೆ ಅವನ ಹೆಸರು ಎಂದೂ ಗೊತ್ತಿರಲಿಲ್ಲ, ಬೆನ್ನ ಮೇಲಿನ ನಂಬರು ಮತ್ತು ಮುಖ ಮಾತ್ರ ಗೊತ್ತಿತ್ತು. ಲಗ್ನಪತ್ರಿಕೆಯಲ್ಲಿ ನಂಬರು ಹಾಕಿಸುವ ರೂಢಿ ನಮ್ಮಲ್ಲಿಲ್ಲವಲ್ಲ.

ಹಸೆಗೆ ಕೂರಲಿರುವ ಹೆಣ್ಣನ್ನು ತಗಡಿನ ಕಪ್ಪಿನ ಜೊತೆ ಸೇರಿಸಿ ಕೂಗಿದ ಆ ಹಲ್ಕಾ ಹುಡುಗರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರಲ್ಲಿ ಇಬ್ಬರು ಈಗ ಹಿರಿಯರಾಗಿ ಊರಿನ ನ್ಯಾಯ ಹೇಳುತ್ತಾರೆ. ಎದುರಿಗೆ ಸಿಕ್ಕಾಗ 'ಅತ್ತಿಗೆ ಚೆನ್ನಾಗಿದ್ದೀರಾ' ಎಂದು ಕೈ ಮುಗಿಯುತ್ತಾರೆ, ನಾನು ಅವರ ಮುಖ ನೋಡದೆ, ನಾನು ಕೆಲಸ ಮಾಡುವ ಹಾಲಿನ ಡೈರಿಯ ಬೀಗ ತೆಗೆಯುತ್ತೇನೆ.

ಮಾವ ಅಲ್ಲಿಂದ ತಿರುಗಿ ನೇರವಾಗಿ ಹಿತ್ತಿಲಿಗೆ ಹೋದರು. ಅಡುಗೆಯವರ ಹತ್ತಿರ ತೆಂಗಿನಕಾಯಿ ಮೂಟೆಯ ಮೇಲೆ ಕೂತುಬಿಟ್ಟರು. ಅವ್ವ ಹೋಗಿ ಕರೆದಳು. ಮುಹೂರ್ತ ಹತ್ತಿರವಾಗುತ್ತಿತ್ತು. ನಾನು ಬಾಸಿಂಗ ಕಟ್ಟಿಕೊಂಡು ಬಾಗಿಲ ಹಿಂದೆ ನಿಂತಿದ್ದೆ, ಅಷ್ಟೂ ಕೇಳಿಸುತ್ತಿತ್ತು. ಅವ್ವ ಮೊದಲು ನಯವಾಗಿ ಹೇಳಿದಳು, ಆಮೇಲೆ ಕೈ ಹಿಡಿದಳು, ಆಮೇಲೆ ಅತ್ತಳು.

"ಆ ಒಂಬತ್ನೇ ನಂಬರಿಗೆ ನನ್ ಕೈಯಾರೆ ಕೂಸ ಕೊಡಾಕಿಲ್ಲ ಕಣಕ್ಕ. ಆಗಾಕಿಲ್ಲ ಅಂದ್ರೆ ಆಗಾಕಿಲ್ಲ" ಎಂದರು ಮಾವ.

"ಅದು ಚೆಂಡಾಟ ಕಣ್ಲಾ ತಮ್ಮ. ಇದು ನನ್ ಮಗ್ಳ ಬದುಕು" ಎಂದಳು ಅವ್ವ.

ಮಾವ ಎದ್ದು ಹಿತ್ತಿಲ ಬೇಲಿ ದಾಟಿ, ನಾಲೆಯ ಏರಿಯ ಮೇಲೆ ನಡೆದು ಹೊರಟೇಹೋದರು. ಹೊಸ ಪಂಚೆಯ ಅಂಚು ಗದ್ದೆಯ ಕೆಸರಿಗೆ ತಾಗುತ್ತಿತ್ತು. ಯಾರೋ ಕೂಗಿದರು, ತಿರುಗಲಿಲ್ಲ. ಕೊನೆಗೆ ಅವ್ವನ ದೊಡ್ಡಪ್ಪನ ಮಗ, ನಾನು ಅಷ್ಟು ಹೊತ್ತಿನ ತನಕ ಕಂಡೂ ಇರದಿದ್ದ ಒಬ್ಬ ಮನುಷ್ಯ, ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡು ಬಂದು ನನ್ನ ಕೈ ಹಿಡಿದ. ಧಾರೆಯ ಹೊತ್ತಿನಲ್ಲಿ ಅವ್ವನ ಕಣ್ಣು ನನ್ನ ಮೇಲಿರಲಿಲ್ಲ, ಹಿತ್ತಿಲ ಬಾಗಿಲ ಮೇಲಿತ್ತು.

ಮದುವೆಯಾದ ಒಂದು ವಾರಕ್ಕೆ ನಮ್ಮನೆಯವರ ಹತ್ತಿರ ಇದನ್ನು ಹೇಳಿಕೊಂಡು ಅತ್ತೆ. ಅವರು ತಡೆಯಲಾರದೆ ನಕ್ಕರು. ಅರ್ಧ ಆಟದಲ್ಲಿ ಕಡೆ ಬದಲಾಯಿಸಿದಾಗಲೇ ಮೂಡಣದ ಚೌಕ ದೊಡ್ಡದಿರುವುದು ಅವರ ಟೀಮಿಗೆ ಕಂಡಿತ್ತಂತೆ. ಗೆರೆ ಎಳೆದವನು ಇಂಥವನೇ ಎಂದು ಬಾಡೂಟದ ದಿನ ಹುಣಸೂರಿನ ಹುಡುಗರೇ ಬಾಯಿ ಬಿಟ್ಟಿದ್ದರಂತೆ. ಆ ಇಂಥವನು ನನ್ನ ಮಾವ ಎನ್ನುವುದು ಇವರಿಗೂ ಮದುವೆಯ ದಿನವೇ ತಿಳಿದದ್ದು. ಪೆನಾಲ್ಟಿ ಸಿಗಲಿ ಎಂದು ಬೇಕೆಂದೇ ಬಿದ್ದೆ ಎಂದೂ ಒಪ್ಪಿಕೊಂಡರು.

"ಗೆರೆ ನಿಮ್ಮ ಮಾವಂದು, ಬಿದ್ದಿದ್ದು ನಾನು. ಇಬ್ರೂ ಸೇರಿ ಗೆದ್ವಿ ಕಣೇ" ಎಂದರು.

ನಾನು ನಗಲಿಲ್ಲ. ಆಗ ನನಗೆ ಎಲ್ಲ ಅರ್ಥವಾಯಿತು. ಮಾವ ಎದ್ದು ಹೋದದ್ದು ಹಗೆಗಲ್ಲ, ಹೆದರಿಕೆಗೆ. ಆ ಒಂಬತ್ತನೇ ನಂಬರಿನವನು ಅಳಿಯನಾಗಿ ಪಂಕ್ತಿಯಲ್ಲಿ ಕೂತು, ಎಲ್ಲರೆದುರು ಗೆರೆಯ ಮಾತು ತೆಗೆದುಬಿಟ್ಟರೆ? ಹುಣಸೂರನ್ನು ಸೋಲಿಸಿದವನು ಹುಣಸೂರಿನ ಭಕ್ತಶಿಖಾಮಣಿಯೇ ಎಂದು ಗೊತ್ತಾಗಿಬಿಟ್ಟರೆ? ಆ ನಗು ತಪ್ಪಿಸಿಕೊಳ್ಳಲು ಅಪ್ಪನಿಲ್ಲದ ಹುಡುಗಿಯ ಕೈ ಬಿಟ್ಟು ಹೋದ ಮನುಷ್ಯ ಅವರು. ಹಗೆಗೆ ಹೋಗಿದ್ದರೆ ಒಂದಷ್ಟಾದರೂ ಮರ್ಯಾದೆ ಕೊಡುತ್ತಿದ್ದೆ.

ಮೊದಲ ಸಲ ಭೇರ್ಯಕ್ಕೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಚಿಕ್ಕಂದಿನಲ್ಲೂ ಹಾಗೇ, ತಾನೇ ಮಡಕೆ ಒಡೆದು ಬೆಕ್ಕಿನ ಮೇಲೆ ಹೇಳುತ್ತಿದ್ದ ಎಂದಳು. ನಾನು ಈಗಲೇ ಹೋಗಿ ಮಾವನನ್ನು ನಿಲ್ಲಿಸಿ ಕೇಳುತ್ತೇನೆ ಎಂದಾಗ ನಗು ನಿಂತಿತು.

"ಬ್ಯಾಡ ಕಣವ್ವ. ನಮ್ಗೆ ಗೊತ್ತು ಅಂತ ಅವ್ನಿಗೆ ಗೊತ್ತಾದ್ರೆ ಅವ್ನು ತಲೆ ಎತ್ಕಂಡು ಓಡಾಡಾಕಿಲ್ಲ. ಅವ್ನಾಗೇ ಬರ್ಲಿ ಬುಡು" ಎಂದಳು.

ಅವನಾಗೇ ಬರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ತಮ್ಮನೋ ಅಣ್ಣನೋ ಬಾಗಿನ ತರುವುದು ನಮ್ಮ ಕಡೆ ತಪ್ಪದ ಪದ್ಧತಿ. ಎಷ್ಟೇ ಬಡವನಾದರೂ ಎರಡು ಬಳೆ, ಒಂದು ಮೊಳ ಹೂವಾದರೂ ಹಿಡಿದು ಬರುತ್ತಾನೆ. ಅಪ್ಪ ಹೋದ ಮೇಲೂ ಮಾವ ಬಳೆ ಹೂವು ಬಿಟ್ಟು ಸೀರೆ, ಹಣ್ಣು ತಂದು ಅದನ್ನು ನಡೆಸಿಕೊಂಡು ಬಂದಿದ್ದರು. ಆ ವರ್ಷ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅವ್ವ ಹಬ್ಬದ ದಿನ ಜಗುಲಿ ಸಾರಿಸಿ, ಸ್ನಾನ ಮಾಡಿ, ಅಡುಗೆ ಮುಗಿಸಿ, ತಾನು ಉಣ್ಣದೆ ಸಂಜೆಯ ತನಕ ಕೂರುತ್ತಿದ್ದಳು. ಒಂದೆರಡು ಸಲ ತಾನೇ ತವರಿಗೆ ಹೋಗಿ ಬಂದಳು. ಇವಳು ಬರುವುದು ಕಂಡರೆ ಮಾವ ಬ್ಯಾರನ್ನಿನೊಳಗೆ ಹೋಗಿ ಸೊಪ್ಪು ನೋಡುವ ನೆಪದಲ್ಲಿ ನಿಂತುಬಿಡುತ್ತಿದ್ದರಂತೆ, ಬೆಂಕಿಯಿಲ್ಲದ ಕಾಲದಲ್ಲೂ. ಅವ್ವ ಅವರ ಹೆಂಡತಿಯ ಜೊತೆ ನಾಲ್ಕು ಮಾತಾಡಿ ಎದ್ದು ಬರುತ್ತಿದ್ದಳು. ಒಬ್ಬರು ಮುಚ್ಚಿಡುತ್ತಿದ್ದರು, ಇನ್ನೊಬ್ಬಳು ಗೊತ್ತಿಲ್ಲದವಳ ಹಾಗೆ ಕಾಪಾಡುತ್ತಿದ್ದಳು. ಇಬ್ಬರ ದಡ್ಡತನಕ್ಕೂ ಮಾನ ಎಂದು ಹೆಸರು.

ಈ ನಡುವೆ ಆ ಮಹಾ ಹಗೆಯೂ ಸೊರಗಿತು. ಹುಣಸೂರಿನ ಕಾಲೇಜಿಗೆ ಹುಡುಗರು ಸೇರುವುದು ಕಡಿಮೆಯಾಯಿತು. ಬಾಡೂಟಕ್ಕೆ ಯಾರೂ ಕೈ ಹಾಕದೆ ಹೋಟೆಲಿನಿಂದ ಪಲಾವಿನ ಪೊಟ್ಟಣ ತರಿಸಿದರು. ಒಂದು ವರ್ಷ ಪಿರಿಯಾಪಟ್ಟಣದವರು ಹನ್ನೊಂದು ಜನ ಸಿಗದೆ, ಬಸ್ ಕಂಡಕ್ಟರನ ತಮ್ಮನನ್ನು ಸೇರಿಸಿಕೊಂಡು ಆಡಿದರು. ಕೊನೆಯ ಪಂದ್ಯಕ್ಕೆ ನಮ್ಮನೆಯವರು ಸುಮ್ಮನೆ ನೋಡಿಬರಲು ಹೋಗಿದ್ದರು. ಲಾರಿಯೂ ಇಲ್ಲ, ಕೂಗೂ ಇಲ್ಲ, ಮೈದಾನದ ಒಂದು ಮೂಲೆಯಲ್ಲಿ ಎಮ್ಮೆ ಮೇಯುತ್ತಿದ್ದವು. ಮಾವ ಮಾತ್ರ ಬೆಳಿಗ್ಗೆಯೇ ಬಂದು ಗೆರೆ ಎಳೆದಿದ್ದರಂತೆ. ಎರಡೂ ಚೌಕ ಸಮವಾಗಿದ್ದವು ಎಂದರು ನಮ್ಮನೆಯವರು. ನನಗೆ ಸಿಟ್ಟೇ ಬಂತು. ಆಗ ನೆಟ್ಟಗೆ ಎಳೆದು ಯಾರಿಗೆ ಏನಾಗಬೇಕಿತ್ತು?

ಅವ್ವ ಹೋದದ್ದು ಒಂದು ಮಧ್ಯಾಹ್ನ, ಮೂರು ದಿನದ ಜ್ವರಕ್ಕೆ. ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸದೆ ಎತ್ತುವ ಹಾಗಿಲ್ಲ. ಮಾವನಿಗೆ ಸುದ್ದಿ ಹೋಯಿತು, ಬರುತ್ತಾರೋ ಇಲ್ಲವೋ ಎಂದು ಯಾರಿಗೂ ಖಾತ್ರಿಯಿರಲಿಲ್ಲ. ಬಂದರು. ಕೂದಲು ಪೂರ್ತಿ ನರೆತಿತ್ತು. ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಸೀರೆ ಹಿಡಿದು ಗೇಟಿನ ಹತ್ತಿರ ನಿಂತುಬಿಟ್ಟರು. ಅಂಗಳದಲ್ಲಿ ನಮ್ಮನೆಯವರಿದ್ದರು. ಆ ಹೊತ್ತಿನಲ್ಲೂ ಒಳಗೆ ಕಾಲಿಡಲು ಅವರಿಗೆ ಒಂಬತ್ತನೇ ನಂಬರು ಅಡ್ಡ! ನಮ್ಮನೆಯವರೇ ಹೋಗಿ, ಬನ್ನಿ ಮಾವ ಎಂದು ಕೈ ಹಿಡಿದು ಕರೆತಂದರು. ನನ್ನ ಮದುವೆಯ ದಿನ ಯಾರು ಯಾರ ಕೈ ಹಿಡಿಯಬೇಕಿತ್ತು?

ಸೀರೆ ಹೊದಿಸಿದ ಮೇಲೆ ಮಾವ ಅವ್ವನ ಕಾಲ ಹತ್ತಿರವೇ ಕೂತರು. ಹೊದಿಸಿದ ಸೀರೆಯ ಅಂಚನ್ನು ಸರಿ ಮಾಡಿದರು. ಆಮೇಲೆ ನನ್ನ ಕಡೆ ನೋಡದೆ, ನೆಲ ನೋಡುತ್ತ ಹೇಳಿದರು.

"ಕೂಸು, ಅವತ್ತು ಆ ಗೆರೆ ದೊಡ್ಡದು ಮಾಡಿದ್ದು ನಾನೇ ಕಣವ್ವ."

"ಗೊತ್ತು ಮಾವ. ಮದ್ವೆಯಾದ ವಾರಕ್ಕೇ ಗೊತ್ತಾಯ್ತು" ಎಂದೆ.

ಅವರು ತಲೆ ಎತ್ತಿದರು. "ಅಕ್ಕಂಗೆ?"

"ಅವ್ವಂಗೂ ಗೊತ್ತಿತ್ತು."

ಮಾವ ಅವ್ವನ ಮುಖವನ್ನು ನೋಡಿದರು. ಸತ್ತವಳು ಏನೋ ಉತ್ತರ ಕೊಡಬೇಕು ಎನ್ನುವ ಹಾಗೆ ನೋಡಿದರು.

"ಅಂಗಾದ್ರೆ ಒಂದ್ಸಲನೂ ಯಾಕೆ ಬೈಯ್ನಿಲ್ಲ ಅವ್ಳು?" ಎಂದರು.

ಬೈಯಲಿಲ್ಲ, ಏಕೆಂದರೆ ನಿಮ್ಮ ತಲೆ ತಗ್ಗಬಾರದು ಎಂದು. ಹಬ್ಬ ಹಬ್ಬಕ್ಕೂ ಉಪವಾಸ ಕೂತಳು, ನೀವು ನಗೆಪಾಟಲಾಗಬಾರದು ಎಂದು. ಇಷ್ಟನ್ನೂ ಅಲ್ಲೇ, ಹೆಣದ ಮುಂದೆ, ಒಂದೊಂದಾಗಿ ಹೇಳಿದೆ. ಹೇಳಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಮಾವ ಅಳಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ಕೂತಿದ್ದರು, ಮೈದಾನದಲ್ಲಿ ಅವತ್ತು ಕುಸಿದಾಗಲೂ ಹೀಗೇ ಕೂತಿದ್ದರೇನೋ... ಅವರನ್ನು ಕಾಡಿದ್ದ ಗುಟ್ಟು ಗುಟ್ಟೇ ಆಗಿರಲಿಲ್ಲ. ಅದಕ್ಕಾಗಿ ಒಬ್ಬ ಅಕ್ಕನನ್ನು ಸುಮ್ಮನೆ ಕಳೆದುಕೊಂಡಿದ್ದರು.

ಆ ವರ್ಷದಿಂದ ಮಾವ ಗೌರಿ ಹಬ್ಬಕ್ಕೆ ನನ್ನ ಮನೆಗೆ ಬರತೊಡಗಿದರು. ಅವ್ವನಿಗೆ ತರಬೇಕಾದ ಬಾಗಿನವನ್ನು ನನಗೆ ತಂದರು. ಬಳೆ, ಹೂವು, ಬಾಳೆಹಣ್ಣು, ಪ್ರತಿ ಸಲ ಒಂದು ಸೀರೆ. ಮೊಣಕಾಲು ನೋವು ಎಂದು ನಮ್ಮನೆಯವರು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಕರೆತರುತ್ತಿದ್ದರು. ಇಬ್ಬರೂ ನಡುಮನೆಯಲ್ಲಿ ಕೂತು, ಆ ಪೆನಾಲ್ಟಿ ಆಟವನ್ನು ಮೊದಲಿನಿಂದ ಕೊನೆಯ ತನಕ ಮತ್ತೆ ಆಡುತ್ತಿದ್ದರು. ಬಿದ್ದದ್ದು ಸುಳ್ಳು ಎಂದು ಮಾವ, ಗೆರೆ ಸುಳ್ಳು ಎಂದು ಇವರು, ಆಮೇಲೆ ಇಬ್ಬರೂ ಸೇರಿ ನಗು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಕೇಳಿದರೆ ನೀರು ಕೊಟ್ಟೆ, ಉಣ್ಣಲು ಬಡಿಸಿದೆ, ಒಂದು ದಿನವೂ ಎದುರಿಗೆ ಕೂತು ನಗಲಿಲ್ಲ. ಸೀರೆಗಳನ್ನು ಮಾತ್ರ ಉಟ್ಟೆ. ಅವು ಅವ್ವನವು ಎಂದುಕೊಂಡು ಉಟ್ಟೆ.

ಈ ವರ್ಷ ಹೊಗೆಸೊಪ್ಪಿನ ಸಸಿ ನೆಡುವ ಕಾಲದಲ್ಲಿ ಮಾವ ಹೊಲದ ಬದುವಿನಲ್ಲೇ ಕುಸಿದು ಹೋದರು. ನಾವು ಹೋಗಿ ಮಣ್ಣು ಹಾಕಿ ಬಂದೆವು. ಅಲ್ಲಿ ನಾಲ್ಕು ಜನ, ಎಂಥ ಅಭಿಮಾನದ ಮನುಷ್ಯ ಎಂದರು. ಅಭಿಮಾನವಂತೆ. ನನಗೆ ಕಣ್ಣೀರು ಬರಲಿಲ್ಲ. ಎಲ್ಲ ಅವತ್ತೇ ಅತ್ತು ಮುಗಿದಿದೆ ಎಂದುಕೊಂಡೆ.

ಈ ಸಲದ ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬರುವವರು ಯಾರೂ ಇರಲಿಲ್ಲ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಬೆಳಿಗ್ಗೆ ಪೂಜೆಯಾದ ಮೇಲೆ ನಮ್ಮನೆಯವರು ಸ್ಕೂಟರು ತೆಗೆದುಕೊಂಡು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. ಹುಣಸೂರು ಕಡೆಯ ಬಸ್ಸು ಬಂತು, ಸುಮ್ಮನೆ ನಿಂತು ನೋಡಿಕೊಂಡು ಬಂದೆ ಎಂದರು. ನಿಮಗೇನು ತಲೆ ಕೆಟ್ಟಿದೆಯಾ ಎಂದು ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಮಾವನ ಮೇಲೆ ನನ್ನ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಅವ್ವನ ಕಡೆಯ ಕೊನೆಯ ಜೀವ ಅದು, ಅದೂ ಇನ್ನು ಬರುವುದಿಲ್ಲ. ಊಟಕ್ಕೆ ಬನ್ನಿ ಎಂದು ಕರೆದು ಒಳಗೆ ಹೋದೆ. ನಡುಮನೆಯಲ್ಲಿ ನಾನೇ ಆಗಲೇ ಮೂರು ಎಲೆ ಹಾಕಿದ್ದೆ.